ದೊರೆ ತಟ್ಟೆ

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ನನ್ನ ತವರಿನ ಬಾಗಿನ ಬಸ್ ಕಂಡಕ್ಟರ್ ಕೈಯಲ್ಲಿ ಬಂತು. ಹನಗೋಡಿನ ಸ್ಟ್ಯಾಂಡಿನಲ್ಲಿ ಆ ಮನುಷ್ಯ ಕಿಟಕಿಯಿಂದ ಒಂದು ಪ್ಲಾಸ್ಟಿಕ್ ಕವರನ್ನು ಹೊರಗೆ ಚಾಚಿ, "ಲಿಂಗಣ್ಣನ ಮನೆಯೋರು ಯಾರಮ್ಮ? ಕೋಟೆಯಿಂದ ಪಾರ್ಸಲ್" ಎಂದು ಕೂಗಿದ. ನಾನು ಸೊಸೈಟಿಯಿಂದ ಸಕ್ಕರೆ ತೆಗೆದುಕೊಂಡು ಬರುತ್ತಿದ್ದೆ. ಸುತ್ತ ಹತ್ತು ಹದಿನೈದು ಜನ ನಿಂತಿದ್ದರು. ಕವರಿನೊಳಗೆ ಒಂದು ರವಿಕೆ ಕಣ, ಹಸಿರು ಬಳೆ, ಅರಿಸಿನ ಕುಂಕುಮದ ಪೊಟ್ಟಣ, ಒಂದು ತೆಂಗಿನಕಾಯಿ. ಬಳೆಗಳಲ್ಲಿ ಎರಡು ಒಡೆದುಹೋಗಿದ್ದವು.

ಸಿಟ್ಟು ನನಗೆ ಹೊಸದಲ್ಲ. ನನ್ನ ಮೂಗಿನ ತುದಿಯಲ್ಲೇ ಕೋಪ ಕೂತಿದೆ ಎಂದು ಮದುವೆಯಾದ ವಾರದಲ್ಲೇ ಗಂಡ ಕಂಡುಹಿಡಿದಿದ್ದರು. ಆದರೆ ಅವತ್ತು ಬಂದದ್ದು ಆ ಜಾತಿಯ ಸಿಟ್ಟಲ್ಲ. ಒಡೆದ ಬಳೆಯ ಚೂರುಗಳನ್ನು ಆ ಜನರ ಮಧ್ಯೆಯೇ ಸೆರಗಿನ ತುದಿಗೆ ಕಟ್ಟಿಕೊಂಡೆ. ಕಳಿಸಿದವನು ನನ್ನ ತಮ್ಮ ಶಿವಣ್ಣ. ಅವ್ವ ಸತ್ತಾಗ ಅವನಿಗೆ ಆರು ವರ್ಷ, ನನಗೆ ಹದಿಮೂರು. ಅವನನ್ನು ಸೊಂಟದ ಮೇಲೆ ಹೊತ್ತು, ಮೂಗು ಒರೆಸಿ, ಇಸ್ಕೂಲಿಗೆ ಅಟ್ಟಿ, ಮನುಷ್ಯನನ್ನಾಗಿ ಮಾಡಿದವಳು ನಾನು. ಅಂಥವನು ನನಗೆ ಬಾಗಿನವನ್ನು ಪಂಪ್‌ಸೆಟ್ಟಿನ ಬಿಡಿಭಾಗದ ಹಾಗೆ ಪಾರ್ಸಲ್ ಮಾಡಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ, ಅದು ದೊರೆ ತಟ್ಟೆಯಲ್ಲಿ ಬಂದಿರಲಿಲ್ಲ.

ದೊರೆ ತಟ್ಟೆ ಏನೆಂದು ಹೇಳದಿದ್ದರೆ ನನ್ನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ತಾತ ಮಂಚಯ್ಯ ಕೊಡಗಿನ ಒಂದು ಕಾಫಿ ತೋಟದಲ್ಲಿ ಇಂಗ್ಲಿಷ್ ದೊರೆಯ ಬಟ್ಲರ್ ಆಗಿದ್ದರು. ಇಪ್ಪತ್ತು ವರ್ಷ ಒಂದೇ ತಟ್ಟೆಯಲ್ಲಿ ಆ ದೊರೆಗೆ ಟೀ ಹೊತ್ತರು. ದೊರೆ ತನ್ನ ದೇಶಕ್ಕೆ ಹೊರಟಾಗ ಆ ತಟ್ಟೆಯನ್ನು ತಾತನಿಗೇ ಕೊಟ್ಟುಹೋದ. ಕಬ್ಬಿಣದ ತಗಡು, ಮೊಣಕೈ ಉದ್ದ, ಅಂಚು ಹೂವಿನ ಎಸಳಿನ ಹಾಗೆ ಬಾಗಿದ್ದು. ಮೈಯೆಲ್ಲ ಕಾಡಿಗೆಗಪ್ಪು, ಅದರ ಮೇಲೆ ಚಿನ್ನದ ಗೆರೆಯ ಚಿತ್ರ. ಮೂರು ಅಂತಸ್ತಿನ ಮನೆ, ಒಂದೊಂದು ಅಂತಸ್ತಿಗೂ ಮೂಲೆ ಮೇಲಕ್ಕೆ ಮಡಚಿದ ಚಾವಣಿ, ಮೂಲೆಯಿಂದ ತೂಗುವ ಪುಟ್ಟ ಗಂಟೆಗಳು. ಮನೆಗಿಂತ ದೊಡ್ಡದಾದ ಒಂದು ಹಕ್ಕಿ. ಜೋತುಬಿದ್ದ ಮರ, ಅದರಡಿ ಒಂದು ಹೊಳೆ, ಹೊಳೆಗೆ ಕಮಾನಿನ ಸೇತುವೆ. ಸೇತುವೆಯ ಮೇಲೆ ಜೋಲು ಮೀಸೆಯ, ಉದ್ದಂಗಿಯ ಗಂಡಸೊಬ್ಬ ಕೈಯಲ್ಲಿ ಏನನ್ನೋ ಹಿಡಿದು ನಡೆಯುತ್ತಾನೆ. ಅವನ ಹಿಂದೆ ಕೊಡೆ ಹಿಡಿದವನು. ಆಚೆ ದಡದ ಬಾಗಿಲಲ್ಲಿ ಒಬ್ಬ ಹೆಂಗಸು.

ಅದು ದೊರೆಗಳ ಊರು ಎಂದು ತಾತ ನಮಗೆ ಹೇಳಿಕೊಟ್ಟಿದ್ದರು. ಇಂಗ್ಲೆಂಡಿನಲ್ಲಿ ಮಳೆ ಜಾಸ್ತಿ, ಅದಕ್ಕೇ ಚಾವಣಿ ಹಾಗೆ ಮಡಚಿರುತ್ತಾರಂತೆ. "ನೋಡ್ರಲಾ, ದೊರೆಗಳಲ್ಲೂವೆ ಅಣ್ಣ ಅನ್ನೋನು ತಂಗಿ ಮನೆಗೆ ಬಾಗಿನ ತಕ್ಕಂಡೋಯ್ತಾನೆ. ಅವ್ಳು ಬಾಗ್ಲಲ್ಲಿ ನಿಂತು ಕಾಯ್ತಾ ಅವ್ಳೆ" ಎನ್ನುತ್ತಿದ್ದರು. ಆ ಚಿತ್ರವನ್ನು ಹೀಗೆ ಓದಿದ್ದರಿಂದಲೇ ತಾತ ತಮ್ಮ ಮಗಳಿಗೆ ಅದರಲ್ಲಿ ಬಾಗಿನ ಕಳಿಸಲು ಶುರು ಮಾಡಿದ್ದು. ತಾತ ಹೋದ ಮೇಲೆ ಅಪ್ಪ ತನ್ನ ತಂಗಿಗೆ ಕೊಂಡೊಯ್ದ. ಅತ್ತೆ ತೀರಿಕೊಂಡ ಮೇಲೆ ಅದು ನನ್ನ ಮನೆಗೆ ಬರತೊಡಗಿತು, ಮೊದಲು ಅಪ್ಪನ ಕೈಯಲ್ಲಿ, ಆಮೇಲೆ ಶಿವಣ್ಣನ ಕೈಯಲ್ಲಿ. ಬಾಗಿನ ಇಳಿಸಿಕೊಂಡು ತಟ್ಟೆಯನ್ನು ತವರಿಗೆ ಹಿಂದಿರುಗಿಸುವುದು, ಮುಂದಿನ ವರ್ಷ ಅದು ಮತ್ತೆ ಬರುವುದು. ಅದು ಬರುವವರೆಗೆ ನನಗೊಂದು ತವರಿದೆ ಎಂಬ ಧೈರ್ಯ. ಅಪ್ಪ ಹೋದ ಮೇಲೆ ಆ ಧೈರ್ಯವೇ ನನಗೆ ಉಳಿದಿದ್ದ ಆಸ್ತಿ. ಜಮೀನಿನಲ್ಲಿ ನನ್ನ ಪಾಲು ಬೇಡವೆಂದು ಹೋದ ವರ್ಷ ಶ್ರಾವಣದಲ್ಲಿ ಕೋಟೆಯ ತಾಲ್ಲೂಕು ಕಚೇರಿಯಲ್ಲಿ ನಾನೇ ನಗುನಗುತ್ತಾ ಸಹಿ ಹಾಕಿ ಬಂದಿದ್ದೆ. ಸಹಿ ಹಾಕಿದ ಮೇಲೆ ತಮ್ಮನಿಗೆ ಹೋಟೆಲಿನಲ್ಲಿ ದೋಸೆ ಕೊಡಿಸಿದ್ದವಳೂ ನಾನೇ.

ಹೋದ ವರ್ಷ ಹಬ್ಬಕ್ಕೆ ಶಿವಣ್ಣ ತಟ್ಟೆ ತಂದ. ಹೊಗೆಸೊಪ್ಪು ಬೇಯಿಸುವ ಕಾಲ, ಸೊಪ್ಪು ತೂಗುಹಾಕಿ ಒಣಗಿಸುವ ಬ್ಯಾರನ್ನಿನ ಬೆಂಕಿ ನೋಡಬೇಕು ಎಂದು ನೀರು ಕುಡಿದು ಓಡಿಹೋದ. ತಟ್ಟೆ ನಮ್ಮಲ್ಲೇ ಉಳಿಯಿತು. ಆ ವಾರದಲ್ಲಿ ನನ್ನ ಮಗಳು ಪವಿತ್ರಾಳ ಡ್ರಾಯಿಂಗ್ ಮೇಷ್ಟ್ರು ನೀಲಕಂಠಸ್ವಾಮಿ ಮನೆಗೆ ಬಂದವರು ಅದನ್ನು ಕಂಡು ಕಾಫಿಯನ್ನೇ ಮರೆತರು. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿದರು.

"ಇದು ಇಂಗ್ಲೆಂಡಿನ ಚಿತ್ರ ಅಲ್ಲಮ್ಮ, ಚೀನಾದ್ದು" ಎಂದರು. "ಮಾಡಿರೋದು ಮಾತ್ರ ಇಂಗ್ಲೆಂಡಿನಲ್ಲಿ. ತಗಡಿಗೆ ಅರಗಿನಂಥ ಕಪ್ಪು ಬಳಿದು, ಒಲೆಯಲ್ಲಿ ಬೇಯಿಸಿ, ಉಜ್ಜಿ, ಮತ್ತೆ ಬಳಿದು ಬೇಯಿಸ್ತಿದ್ರು. ಆಗ ಅಲ್ಲಿ ಎಲ್ಲರಿಗೂ ಚೀನಾದ ಹುಚ್ಚು. ಬರೆದವನು ಚೀನಾ ಕಂಡವನೇ ಅಲ್ಲ. ಯಾವುದೋ ಪಿಂಗಾಣಿ ಬಟ್ಟಲು ನೋಡಿ ಮಿಕ್ಕಿದ್ದನ್ನ ಮನಸ್ಸಿಗೆ ಬಂದ ಹಾಗೆ ಬರೆದಿದ್ದಾನೆ. ಇಲ್ಲದೇ ಇದ್ರೆ ಹಕ್ಕಿ ಮನೆಗಿಂತ ದೊಡ್ಡದಿರುತ್ತಾ?"

ನನಗೆ ನಗು ಬಂತು. ಚೀನಾ ಕಾಣದವನು ಬರೆದದ್ದನ್ನು ಇಂಗ್ಲೆಂಡ್ ಕಾಣದ ನಮ್ಮ ತಾತ ಇಂಗ್ಲೆಂಡ್ ಎಂದು ನಂಬಿ ನಮಗೆಲ್ಲ ಪಾಠ ಮಾಡಿದ್ದರು.

ಮೇಷ್ಟ್ರು ಮಾತ್ರ ನಗಲಿಲ್ಲ. ಒಂದು ಮೂಲೆಯಲ್ಲಿ ಚಿನ್ನದ ಗೆರೆ ಪೂರ್ತಿ ಅಳಿಸಿಹೋಗಿ ತುಕ್ಕು ಕಾಣುತ್ತಿತ್ತು. ಅದು ಅಪ್ಪನ ತಂಗಿ, ನಮ್ಮ ಅತ್ತೆಯ ಕೆಲಸ. ಪ್ರತಿ ಹಬ್ಬಕ್ಕೂ ಹಿತ್ತಾಳೆ ತಂಬಿಗೆಯ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. "ಇನ್ನು ಮೇಲೆ ಇದನ್ನ ತಿಕ್ಕಬೇಡಿ. ಒದ್ದೆದು, ಭಾರದ್ದು, ಒರಟಾದ್ದು ಯಾವುದನ್ನೂ ಇದರ ಮೇಲೆ ಇಡಬೇಡಿ. ಮೆತ್ತನೆ ಹಳೇ ಬಟ್ಟೇಲಿ ಸುತ್ತಿಡಿ" ಎಂದು ಮೇಷ್ಟ್ರು ಎರಡು ಸಲ ಹೇಳಿದರು. ನಮ್ಮ ಮನೆಯಲ್ಲಿ ಅವ್ವನ ಒಂದು ಹಳೆಯ ನೂಲಿನ ಸೀರೆಗಿಂತ ಮೆತ್ತಗಿನದು ಬೇರೆ ಇರಲಿಲ್ಲ. ಪೆಟ್ಟಿಗೆಯ ತಳದಿಂದ ಅದನ್ನು ತೆಗೆದು, ತಟ್ಟೆಯನ್ನು ನಾಲ್ಕು ಸುತ್ತು ಸುತ್ತಿ, ದಾರ ಕಟ್ಟಿ, ಕೋಟೆಯ ಸಂತೆಗೆ ಹೊರಟಿದ್ದ ಗಂಡನ ಕೈಯಲ್ಲಿ ತವರಿಗೆ ಕಳಿಸಿದೆ. ಬಣ್ಣ ಉಳಿಯಿತಲ್ಲ ಎಂದು ಹಿಗ್ಗಿದೆ.

ಅದಾದ ಮೇಲೆ ಶಿವಣ್ಣ ದೀಪಾವಳಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಪವಿತ್ರಾ ಎಸ್ಸೆಸ್ಸೆಲ್ಸಿ ಪಾಸಾದಾಗ ಪಕ್ಕದ ಮನೆಯ ಫೋನಿನಿಂದ ಅವಳೇ ಅವನ ಹತ್ತಿರ ಮಾತಾಡಿದಳು. ಮಾವ ಹೂಂ ಅಂದು ಇಟ್ಟುಬಿಟ್ಟರು ಎಂದಳು. ಬೇಸಾಯದವನಿಗೆ ನೂರು ಕೆಲಸ ಎಂದು ನಾನು ಸುಮ್ಮನಿದ್ದೆ. ಈಗ ನೋಡಿದರೆ ಈ ಕವರು.

ಸಕ್ಕರೆಯನ್ನು ಮನೆಗೆ ಕೊಟ್ಟು ಅದೇ ಸೀರೆಯಲ್ಲಿ ಹುಣಸೂರಿನ ಬಸ್ಸು ಹತ್ತಿದೆ. "ಹಬ್ಬ ಮುಗೀಲಿ, ಆಮೇಲ್ ಓಗು" ಎಂದು ಗಂಡ ಲಿಂಗಣ್ಣ ಹೇಳಿದರು. ಹಬ್ಬ ಯಾರಿಗೆ ಬೇಕಾಗಿತ್ತು? ಹುಣಸೂರಿನಿಂದ ಕೋಟೆಯವರೆಗೂ ಬೈಗುಳ ಜೋಡಿಸಿಕೊಂಡೇ ಹೋದೆ. ಮೊದಲು ಯಾವುದು, ಆಮೇಲೆ ಯಾವುದು ಎಂದೂ ತೀರ್ಮಾನಿಸಿಕೊಂಡಿದ್ದೆ. ಕೋಟೆಯಿಂದ ಅಂತರಸಂತೆ ರಸ್ತೆಯಲ್ಲಿ ನಮ್ಮೂರಿಗೆ ತಿರುಗುವ ಗೇಟಿನಲ್ಲಿ ಇಳಿದು ಮನೆಗೆ ಹೋದರೆ ತಮ್ಮನ ಹೆಂಡತಿ ಪ್ರಮೀಳಾ ಒಬ್ಬಳೇ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದಳು. ಕವರನ್ನು ಅವಳ ಮುಂದೆ ಎಸೆದೆ.

"ತಟ್ಟೆ ಎಲ್ಲಮ್ಮ?"

ಅವಳು ತಲೆ ಎತ್ತಲಿಲ್ಲ. "ಕೊಟ್ಬುಟ್ರು ಅಕ್ಕ."

"ಯಾರ್ಗೆ?"

"ಹಿನ್ನೀರ್ ದಡದಲ್ಲಿ ಹೊಸಾ ರೆಸಾರ್ಟ್ ಆಗದಲ್ಲ, ಅಲ್ಗೆ. ಹಳೇ ಸಾಮಾನ್ ಕೇಳ್ಕಂಡು ಊರೂರ್ ಮ್ಯಾಲೆ ಬಂದಿದ್ರು. ನಾನ್ ಬ್ಯಾಡ ಅಂದೆ, ನಿಮ್ ತಮ್ಮ ಕೇಳ್ನಿಲ್ಲ. ಯಾಕೆ ಅಂತ ನೀವೇ ಅವ್ರನ್ ಕೇಳಿ."

ಯಾಕೆ ಎಂದು ಕೇಳುವ ತಾಳ್ಮೆ ನನಗೆಲ್ಲಿತ್ತು? ಮಾರಿಬಿಟ್ಟಿದ್ದಾನೆ ಎಂಬ ಒಂದೇ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮೊದಲು ತಟ್ಟೆ, ಆಮೇಲೆ ಅವನು ಎಂದುಕೊಂಡು ಬಂದ ದಾರಿಯಲ್ಲೇ ತಿರುಗಿ ಹೊರಟೆ.

ಟೆಂಪೋದಲ್ಲಿ ಹೋಗಿ, ಕೊನೆಯ ಎರಡು ಮೈಲಿ ನಡೆದು, ಆ ರೆಸಾರ್ಟಿನ ಗೇಟು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ವಾಚ್‌ಮನ್ ಅಡ್ಡ ಬಂದ. ಕೂಲಿ ಹೆಂಗಸರಿಗೆ ಹಿಂದಿನ ಗೇಟು ಎಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಗಲಾಟೆ ಕೇಳಿ ಮ್ಯಾನೇಜರೇ ಹೊರಗೆ ಬಂದ. ವಯನಾಡಿನ ಕಡೆಯ ಹುಡುಗ, ಮೂವತ್ತರ ಒಳಗಿನವನು. ವಿಷಯ ಕೇಳಿ ಊಟದ ಹಾಲಿಗೆ ಕರೆದುಕೊಂಡು ಹೋದ.

ಗೋಡೆಯ ನಡುವೆ, ತಂತಿಯಲ್ಲಿ ಬಿಗಿದು, ಮೇಲೊಂದು ದೀಪ ಹಾಕಿ ದೊರೆ ತಟ್ಟೆಯನ್ನು ತೂಗುಹಾಕಿದ್ದರು. ಕೆಳಗೆ ಗಾಜು ಹಾಕಿದ ಒಂದು ಇಂಗ್ಲಿಷ್ ಚೀಟಿ. ಓದಿ ಹೇಳಯ್ಯ ಎಂದೆ.

"ಇಂಗ್ಲೆಂಡಲ್ಲಿ ಮಾಡಿದ್ದು ಅಮ್ಮಾ, ಚೀನಾ ಮಾದರಿ ಚಿತ್ರ. ಕೊಡಗಿನ ಒಬ್ಬರು ಬ್ರಿಟಿಷ್ ಪ್ಲಾಂಟರ್ ಬಂಗ್ಲೆಯದ್ದು. ಅಷ್ಟೇ ಬರ್ದಿರೋದು."

"ನಮ್ಮ ಮನೇಲಿ ಐವತ್ತೈದ್ ವರ್ಸ ಇತ್ತಲ್ಲಯ್ಯ, ಅದೆಲ್ಲದೆ ಅದ್ರಲ್ಲಿ? ಆ ದೊರೆ ಒಂದಿನಾರು ಇದ ಕೈಲಿ ಎತ್ತಿದ್ನಾ? ಎತ್ತಿದ್ದು ನಮ್ಮ ತಾತ. ಅವ್ರ ಎಸ್ರೆಲ್ಲಿ?"

ಹುಡುಗ ಚೀಟಿಯ ಗಾಜನ್ನು ಬೆರಳಿನಿಂದ ಒರೆಸಿದ. ತಟ್ಟೆ ಈಗ ಬೆಂಗಳೂರಿನ ಯಜಮಾನರದು, ತಾನು ಸಂಬಳದವನು, ಮೊಳೆಯಿಂದ ಇಳಿಸುವ ಅಧಿಕಾರವೂ ತನಗಿಲ್ಲ ಎಂದ. ಕೊಟ್ಟ ದುಡ್ಡು ವಾಪಸ್ ಕೊಡುತ್ತೇವೆ ಎಂದೆ. ಫೋನು ಮಾಡಿ ಕೇಳಿ ನೋಡಿದ. ಆಗುವುದಿಲ್ಲವಂತೆ. ನನ್ನ ಧ್ವನಿ ಏರಿದ ಹಾಗೆ ಊಟಕ್ಕೆ ಕೂತಿದ್ದವರು ಚಮಚ ಕೆಳಗಿಟ್ಟು ನೋಡತೊಡಗಿದರು. ನೋಡಲಿ ಎಂದು ಇನ್ನೂ ಜೋರು ಮಾಡಿದೆ. ನನ್ನ ತಮ್ಮ ಕಳ್ಳ, ಅಕ್ಕನ ಬಾಗಿನದ ತಟ್ಟೆಯನ್ನೇ ಮಾರಿಕೊಂಡವನು, ಇಂಥವನು ವಂಶದಲ್ಲಿ ಹುಟ್ಟಬಾರದಿತ್ತು ಎಂದೆಲ್ಲ ಕೂಗಿದೆ.

ಆಗ ಆ ಹುಡುಗನಿಗೆ ಸಿಟ್ಟು ಬಂತು.

"ಅಮ್ಮಾ, ನಿಮ್ಮ ತಮ್ಮನನ್ನ ಹಾಗೆ ಹೇಳಬೇಡಿ. ಅವರು ಇದನ್ನ ಕೊಡುವಾಗ ಇಲ್ಲೇ, ಈ ಮೆಟ್ಟಿಲಲ್ಲಿ ಕೂತು ಅತ್ತರು. ಇದು ನಮ್ಮ ಅಕ್ಕನದು, ಅವಳು ಇದನ್ನ ಬರಿದು ಮಾಡಿ ವಾಪಸ್ ಕಳಿಸಿದಳು, ಇನ್ನು ಮನೇಲಿಟ್ಟರೆ ನೋಡೋಕೆ ಆಗಲ್ಲ ಅಂದರು. ನಾನೇನು ತಪ್ಪು ಮಾಡಿದೆ ಅಂತ ನನ್ನನ್ನ ಕೇಳಿದರು. ನಾನು ಬೇರೆ ಊರಿನವನು, ನಂಗೆ ಏನು ಗೊತ್ತು?"

ನಾನು ತಟ್ಟೆಯ ಕಡೆ ತಿರುಗಿದೆ.

ಬರಿದು. ಹೌದಲ್ಲ. ತವರಿನಿಂದ ಬಾಗಿನ ಬಂದ ಪಾತ್ರೆಯನ್ನು ನಮ್ಮಲ್ಲಿ ಯಾವ ಹೆಣ್ಣೂ ಬರಿದು ಕಳಿಸುವುದಿಲ್ಲ. ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ, ಏನೂ ಇಲ್ಲದವಳು ಎರಡು ವೀಳ್ಯದೆಲೆಯಾದರೂ ಇಟ್ಟು ಕಳಿಸುತ್ತಾಳೆ. ಬರಿದು ಕಳಿಸಿದರೆ ಇನ್ನು ನಿಮ್ಮ ಋಣ ಸಾಕು, ಈ ಬಾಗಿಲಿಗೆ ಬರಬೇಡಿ ಎಂದು ಹೇಳಿದ ಹಾಗೆ. ಇಪ್ಪತ್ತು ವರ್ಷ ತಪ್ಪದೆ ಅಕ್ಕಿ ಬೆಲ್ಲ ಇಟ್ಟು ಕಳಿಸಿದವಳು ನಾನು. ಹೋದ ವರ್ಷ ಬೆಲ್ಲ ಒಸರಿ ಬಣ್ಣಕ್ಕೆ ಹತ್ತೀತು, ಕಾಯಿ ಉಜ್ಜಿ ಚಿನ್ನದ ಗೆರೆ ಹೋದೀತು ಎಂಬ ಒಂದೇ ಯೋಚನೆಯಲ್ಲಿ ಏನನ್ನೂ ಇಟ್ಟಿರಲಿಲ್ಲ. ಇಡಬೇಕೆಂಬುದು ನೆನಪಿಗೇ ಬಂದಿರಲಿಲ್ಲ. ಅದೂ ಜಮೀನಿನ ಕಾಗದಕ್ಕೆ ಸಹಿ ಹಾಕಿ ತಿಂಗಳಾಗುವುದರೊಳಗೆ.

ಚೀನಾ ಕಾಣದ ಯಾವನೋ ಎಳೆದ ಗೆರೆಯನ್ನು ಉಳಿಸಲು ಹೋಗಿ ನನ್ನ ತಮ್ಮನಿಗೆ ಬಾಗಿಲು ಹಾಕಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮ್ಯಾನೇಜರ್ ಕೊಟ್ಟ ನೀರನ್ನೂ ಕುಡಿಯಲಿಲ್ಲ. ವಾಪಸು ಹೊರಟೆ.

ಆದರೆ ದಾರಿಯುದ್ದಕ್ಕೂ ಯೋಚನೆ ಮಾಡುತ್ತಾ ಬಂದ ಹಾಗೆ ಸಿಟ್ಟು ಮತ್ತೆ ಅವನ ಕಡೆಗೇ ತಿರುಗಿತು. ನಾನು ಮರೆತೆ, ಸರಿ. ಅವನು? ಒಂದು ಬಸ್ಸು ಹತ್ತಿ ಬಂದು ಯಾಕಕ್ಕ ಎಂದು ಕೇಳಬಾರದಿತ್ತೇ? ಎತ್ತಿ ಆಡಿಸಿದವಳನ್ನು ಒಂದು ವರ್ಷ ಹಾಗಂದುಕೊಂಡು ಹೇಗಿದ್ದ?

ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಶಿವಣ್ಣ ಬ್ಯಾರನ್ನಿನ ಒಲೆಬಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸೌದೆ ತಳ್ಳುತ್ತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ.

"ಬಣ್ಣ ಓಯ್ತದೆ ಅಂತ ಕಣೋ ಏನೂ ಮಡಗ್ನಿಲ್ಲ. ಏನೂ ಇಡ್ಬ್ಯಾಡಿ, ಸುತ್ತಿಡಿ ಅಂತ ಪವಿತ್ರನ ಮೇಷ್ಟ್ರು ಯೋಳಿದ್ರು. ಅದ್ಕೇ ಅವ್ವನ್ ಸೀರೇಲಿ ಸುತ್ತಿ ಕಳ್ಸ್ದೆ. ಅವ್ವನ್ ಸೀರೆ ಕಣ್ಲಾ ಅದು! ಅದಾರೂ ನಿನ್ ಕಣ್ಣಿಗ್ ಬೀಳ್ನಿಲ್ವಾ?"

ಅವನು ಕೈಯಲ್ಲಿದ್ದ ಸೌದೆಯನ್ನು ನೆಲಕ್ಕೆ ಬಡಿದ.

"ಬಿತ್ತು! ಅವ್ವನ್ ಸೀರೇನೂ ಬ್ಯಾಡ ಅಂತ ವಾಪಸ್ ಕಳ್ಸ್‌ಬುಟ್ಳು ಅಂದ್ಕಂಡೆ. ತಟ್ಟೇನೂ ಬರಿದು, ಜೊತ್ಗೆ ಅವ್ವನ್ ಸೀರೆ. ಜಮೀನ್ಗೆ ಸಹಿ ಹಾಕುಸ್ಕಂಡ ಅಂತ ನನ್ ಮ್ಯಾಲೆ ಅಷ್ಟೊಂದ್ ಸಿಟ್ಟಾ ಇವ್ಳಿಗೆ ಅಂತ. ಒಂದ್ ಮಾತು ಯೋಳಿ ಕಳ್ಸಕ್ಕೆ ನಿಂಗೇನಾಗಿತ್ತು?"

"ಒಂದ್ ಮಾತು ಬಂದು ಕೇಳಕ್ಕೆ ನಿಂಗೇನಾಗಿತ್ತು?"

"ಎಂಗ್ ಬರ್ಲಿ? ಬರ್ಬ್ಯಾಡ ಅಂದೋರ್ ಮನೆ ಬಾಗ್ಲಿಗೆ ಯಾವ ಮುಖ ಇಟ್ಕಂಡ್ ಬರ್ಲಿ?"

"ನಾನ್ ಬರ್ಬ್ಯಾಡ ಅಂತೀನೇನೋ ನಿಂಗೆ? ನಾನು? ಯಾರ್ ಅಂದ್ಕಂಡಿದ್ದೀಯ ನನ್ನ?"

ಇಬ್ಬರೂ ಕಿರುಚುತ್ತಿದ್ದೆವು. ಸೊಪ್ಪು ಕಟ್ಟುತ್ತಿದ್ದ ಕೂಲಿಯವರು ಕೆಲಸ ನಿಲ್ಲಿಸಿದ್ದರು. ಪ್ರಮೀಳಾ ಓಡಿಬಂದು, ಯಾರನ್ನು ಹಿಡಿಯುವುದೆಂದು ತಿಳಿಯದೆ ಹಾಗೇ ನಿಂತಳು. ನಾನು ಅವನ ಭುಜಕ್ಕೆ ಎರಡು ಗುದ್ದಿದೆ. ನಲವತ್ತು ದಾಟಿದ ಗಂಡಸು ತಲೆ ತಗ್ಗಿಸಿ ಗುದ್ದಿಸಿಕೊಂಡ, ಆಮೇಲೆ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಅವನು ಅಳುತ್ತಿದ್ದುದನ್ನು ನೋಡಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಅವನನ್ನು ಒಂದು ವರ್ಷ ಅಳಿಸಿದ್ದೆನಲ್ಲ ಎಂದು ಇನ್ನೂ ಏರಿತು.

ಒಲೆಬಾಯಿಗೆ ಇನ್ನೊಂದು ಸೌದೆ ತಳ್ಳಿ, "ಬೈದು ಮುಗೀತಾ?" ಎಂದ.

"ಅರ್ಧ ಆಗಿಲ್ಲ. ಮಿಕ್ಕಿದ್ದ ಕೇಳ್ಬೇಕು ಅಂದ್ರೆ ನಾಡಿದ್ದು ನಮ್ಮನೆಗ್ ಬಾ."

"ಬ್ಯಾರನ್ ಬುಟ್ಟು ಎಂಗ್ ಬರ್ಲಕ್ಕ? ಬೆಂಕಿ ಹದ ತಪ್ಪುದ್ರೆ ಸೊಪ್ಪು ಕೆಟ್ಟೋಯ್ತದೆ."

"ಕೆಡ್ಲಿ."

ದೊರೆ ತಟ್ಟೆ ಈಗಲೂ ಆ ಊಟದ ಹಾಲಿನ ಗೋಡೆಯ ಮೇಲೇ ಇದೆ. ಶಿವಣ್ಣ ಮೂರು ಸಲ ಹೋಗಿ ಕೇಳಿದ, ಕೊಡಲಿಲ್ಲ. ಚೀಟಿಯಲ್ಲಿ ತಾತನ ಹೆಸರನ್ನೂ ಸೇರಿಸಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಬ್ಬದ ದಿನ ಅವನು ಮೊದಲನೇ ಬಸ್ಸಿಗೇ ಬಂದ. ಬಾಗಿನ ತಂದದ್ದು ಸಂತೆಯಲ್ಲಿ ಕೊಂಡ ಸ್ಟೀಲ್ ತಟ್ಟೆಯಲ್ಲಿ, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ಊಟ ಮಾಡಿ, ನನ್ನ ಉಳಿದ ಬೈಗುಳವನ್ನೆಲ್ಲ ಕೇಳಿ, ಸಂಜೆ ಬಸ್ಸಿಗೆ ಹೋದ. ಅವತ್ತು ಬೆಂಕಿ ನೋಡಿಕೊಳ್ಳಲು ಪ್ರಮೀಳಾಳಿಗೆ ಒಪ್ಪಿಸಿ ಬಂದಿದ್ದನಂತೆ. ಅವಳಿಗೆ ಹದ ಗೊತ್ತಾಗಲಿಲ್ಲ, ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಗಿಹೋಯಿತು. ಅದಕ್ಕೆ ಅವಳು ನನ್ನನ್ನು ಇವತ್ತಿಗೂ ಬೈಯುತ್ತಾಳೆ. ಬೈಯಲಿ.